ವಾರದ ಹೊರೆ

ನಮ್ಮ ಮನೆಯಲ್ಲಿ ಗ್ರಂಥಪಾಠ ಶುರುವಾಗಿದ್ದು ಅಪ್ಪ ನಿವೃತ್ತರಾದ ಮೇಲೆ. ಮೂವತ್ತೊಂದು ವರ್ಷ ಅವರು ದೊಡ್ಡ ಹೋಟೆಲಿನ ಮುಂಬಾಗಿಲಲ್ಲಿ ನಿಂತವರು. ಬಂದವರಿಗೆಲ್ಲ ಬಾಗಿಲು ತೆಗೆದು, ಬಗ್ಗಿ, ನಕ್ಕು, ಮನೆಗೆ ಬಂದರೆ ಒಂದು ಲೋಟ ನೀರನ್ನೂ ತಾವಾಗಿ ತೆಗೆದುಕೊಳ್ಳುತ್ತಿರಲಿಲ್ಲ. "ಬಗ್ಗೋದೆಲ್ಲ ಹೋಟೆಲಲ್ಲೇ ಮುಗಿಸ್ಕೊಂಡು ಬರ್ತಾರೆ, ಮನೆಗೆ ಅಂತ ಒಂಚೂರೂ ಉಳಿಸಲ್ಲ" ಎಂದು ಅಮ್ಮ ಹೇಳುತ್ತಿದ್ದಳು.

ನಿವೃತ್ತರಾದ ಮೊದಲ ಎರಡು ತಿಂಗಳು ಅವರು ಹಾಲಿನವನ ಜೊತೆ, ಮೇಲಿನ ಮನೆಯವರ ಜೊತೆ, ರೇಡಿಯೋ ಜೊತೆ ಜಗಳವಾಡಿದರು. ಆಮೇಲೆ ನಮ್ಮ ಬೀದಿಯ ಗಡಿಯಾರದ ಅಂಗಡಿಯವರು ತಮ್ಮ ಮನೆಯ ಪಾಠಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಬಂದ ಅಪ್ಪನ ಕಂಕುಳಲ್ಲಿ ದಪ್ಪ ರಟ್ಟಿನ ಗ್ರಂಥವಿತ್ತು. ಅವತ್ತಿನಿಂದ ಪ್ರತಿ ಸಂಜೆ ಏಳಕ್ಕೆ ಊಟದ ಮೇಜನ್ನು ಒರೆಸಿ ನಾವು ಐದು ಜನ ಸುತ್ತ ಕೂರುವುದಾಯಿತು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಮತ್ತು ನಾನು.

ಓದುವ ಕೆಲಸ ನನ್ನದು. ಅಪ್ಪನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಅಣ್ಣ ಓದಿದರೆ ಸಾಲು ಹಾರಿಸುತ್ತಿದ್ದ. ಅಮ್ಮನ ಕೈ ಮುರಿದ ವರ್ಷ ನಾನು ಏಳನೇ ತರಗತಿಗೆ ಶಾಲೆ ಬಿಟ್ಟಿದ್ದೆ. ಆಮೇಲೆ ನಾಲ್ಕು ಜನರ ಎದುರು ಗಟ್ಟಿಯಾಗಿ ಓದಿದ್ದು ಇದೇ ಮೊದಲು. ನನ್ನ ದನಿ ಸಣ್ಣದು. ಮನೆಯಲ್ಲಿ ನನ್ನನ್ನು ಗುಬ್ಬಿ ಎಂದೇ ಕರೆಯುತ್ತಾರೆ.

ಪಾಠದ ಜೊತೆಗೆ ಅಪ್ಪ ಇನ್ನೊಂದು ಅಭ್ಯಾಸ ತಂದರು. ಅದರ ಹೆಸರು ವಾರದ ಹೊರೆ. ಸೋಮವಾರದ ಪಾಠ ಮುಗಿದ ಮೇಲೆ ಒಬ್ಬೊಬ್ಬರೂ ಮನೆಯ ಇನ್ನೊಬ್ಬರ ಒಂದು ತಪ್ಪನ್ನು ತಮ್ಮದು ಮಾಡಿಕೊಳ್ಳಬೇಕು. ಏಳು ದಿನ ಅದು ಅವರದೇ ತಪ್ಪು. ಯಾರು ಕೇಳಿದರೂ "ನಾನೇ ಮಾಡಿದ್ದು" ಎನ್ನಬೇಕು, ಬೈಗುಳ ಬಂದರೆ ತಿನ್ನಬೇಕು. ವಿನಯ ಬರುವುದು ಹೀಗೆ, ಬಾಯಲ್ಲಿ ಹೇಳಿದರೆ ಬರುವುದಿಲ್ಲ ಎಂದು ಗಡಿಯಾರದ ಅಂಗಡಿಯವರು ಹೇಳಿಕೊಟ್ಟಿದ್ದರಂತೆ.

ಮೊದಮೊದಲು ಅದು ತಮಾಷೆಯಾಗಿತ್ತು. ಅಮ್ಮ ಮೇಲಿನ ಮನೆಯವರ ಹೂಕುಂಡ ಒಡೆದಳು. ಆ ವಾರ ಅವಳ ಹೊರೆ ಅಪ್ಪನದು. ಅಪ್ಪ ಮೆಟ್ಟಿಲು ಹತ್ತಿ ಹೋಗಿ, ಎರಡು ತಿಂಗಳು ತಾವೇ ಜಗಳವಾಡಿದ್ದ ಆ ಮನುಷ್ಯನ ಮುಂದೆ, "ನಾನೇ ಒಡೆದಿದ್ದು, ಕ್ಷಮಿಸಿ" ಎಂದರು. ಆತ ಗಾಬರಿಯಾಗಿ ಕುರ್ಚಿ ಹಾಕಿ ಚಹಾ ಕೊಟ್ಟನಂತೆ. ಅಣ್ಣ ನಲ್ಲಿ ತಿರುಗಿಸದೆ ಬಿಟ್ಟು ಬಚ್ಚಲೆಲ್ಲ ಕೆರೆಯಾದಾಗ ನಾನು "ನಾನೇ" ಎಂದೆ. ಅಮ್ಮ ಒಲೆಯ ಮೇಲಿಟ್ಟ ಆಲೂಗಡ್ಡೆ ಸೀದಾಗ, "ನಾನೇ ಸೀಯಿಸಿದ್ದು, ಈಗ ನಾನೇ ತಿಂತಿದೀನಿ, ಇದಕ್ಕಿಂತ ಶಿಕ್ಷೆ ಬೇಕಾ?" ಎಂದು ಅಣ್ಣ ಎಲ್ಲರನ್ನೂ ನಗಿಸಿದ. ಮನೆ ನಿಜವಾಗಿಯೂ ತಣ್ಣಗಾಯಿತು. ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಪಾಠ ಹಿಡಿದದ್ದು ಅತ್ತಿಗೆಯನ್ನು. ಮೊದಲು ಅಮ್ಮ ಒಂದು ಮಾತು ಅಂದರೆ ಅತ್ತಿಗೆಯ ಕೈಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು. ಈಗ ಅವಳು ಒಂದು ಗುಟುಕು ನೀರು ಕುಡಿದು, ಆಮೇಲೆ ಉತ್ತರ ಕೊಡುತ್ತಿದ್ದಳು. ಇಷ್ಟವಾದ ಸಾಲುಗಳನ್ನು ಕೆಲಸದ ಜಾಗದ ಬಟ್ಟೆ ಚೀಟಿಗಳ ಬೆನ್ನ ಮೇಲೆ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. "ಗುಬ್ಬಿ, ನಿನ್ನೆದು ಇನ್ನೊಂದ್ಸಲ ಹೇಳು" ಎಂದು ಬಸ್ಸಿನಲ್ಲಿ ಕೇಳುತ್ತಿದ್ದಳು.

ನಾವು ಮೂವರೂ ಅದೇ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆವು. ಅಣ್ಣ ಮತ್ತು ಅತ್ತಿಗೆ ಅತಿಥಿಗಳ ಬಟ್ಟೆಗೆ ಇಸ್ತ್ರಿ ಹಾಕುವವರು. ನಾನು ದಿಂಬಿನ ಚೀಲ ಮಡಚುವವಳು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಇತ್ತು. ಅತಿಥಿಯ ಬಟ್ಟೆ ಸುಟ್ಟರೆ ಕಾರ್ಡಿನ ಮೇಲೆ ಕೆಂಪು ಗೆರೆ. ಎರಡನೇ ಗೆರೆ ಬಿದ್ದರೆ ಮನೆಗೆ. ಅಣ್ಣನ ಕಾರ್ಡಿನಲ್ಲಿ ಎರಡು ವರ್ಷದ ಹಿಂದಿನ ಒಂದು ಗೆರೆ ಇತ್ತು. ಅತ್ತಿಗೆಯದು ಏಳು ವರ್ಷದಿಂದ ಖಾಲಿ. ಸೂಪರ್‌ವೈಸರ್ ಆಗಿದ್ದವರು ಆ ತಿಂಗಳು ಬಿಡುವವರಿದ್ದರು. ಆ ಜಾಗಕ್ಕೆ ಅತ್ತಿಗೆಯ ಹೆಸರು ಕಳಿಸಿದ್ದೇನೆ ಎಂದು ವಿಭಾಗದ ಮ್ಯಾನೇಜರ್ ಮೇಡಂ ಎಲ್ಲರ ಎದುರೇ ಹೇಳಿದ್ದರು. ಆ ಕೆಲಸಕ್ಕೆ ಕುರ್ಚಿ ಇತ್ತು. ಏಳು ವರ್ಷ ಆವಿಯ ಮುಂದೆ ನಿಂತು ಅತ್ತಿಗೆಯ ಕಾಲಿನ ನರಗಳು ಗಂಟು ಗಂಟಾಗಿದ್ದವು. ಸಂಜೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತು, "ಕುರ್ಚಿ ಬಂದ್ಮೇಲೆ ನೋಡು, ನಾನು ಬೇಕಂತಲೇ ಎದ್ದೆದ್ದು ಕೂತ್ಕೋತೀನಿ" ಎಂದು ನನ್ನ ಹತ್ತಿರ ನಗುತ್ತಿದ್ದಳು.

ಆ ಸೋಮವಾರ ಮಧ್ಯಾಹ್ನ ಅಣ್ಣ ಗಂಜಿ ಬಾಟಲಿಗೆ ಫೋನ್ ಒರಗಿಸಿಟ್ಟು ಆಟ ನೋಡುತ್ತಿದ್ದ. ನಾಲ್ಕನೇ ಮಹಡಿಯ ಮದುಮಗನ ತಂದೆಯ ಬಿಳಿ ಕೋಟು ಅವನ ಮೇಜಿನ ಮೇಲಿತ್ತು. ಯಾರೋ ಗೋಲು ಹೊಡೆದಿರಬೇಕು, ಅವನ ಕೈ ಅಲ್ಲೇ ನಿಂತಿತು. ವಾಸನೆ ಮೊದಲು ನನಗೆ ಬಂತು. ತಲೆ ಎತ್ತಿದೆ. ಎಡಜೇಬಿನ ಕೆಳಗೆ ಇಸ್ತ್ರಿಯ ಮೂತಿಯ ಆಕಾರದ ಕಂದು ಗುರುತು. ಅಣ್ಣ ನನ್ನನ್ನು ನೋಡಿದ, ತುಟಿಯ ಮೇಲೆ ಬೆರಳಿಟ್ಟ. ಕೋಟನ್ನು ಇನ್ನೆರಡು ಕೋಟುಗಳ ನಡುವೆ ತೂಗುಹಾಕಿ ಚಹಾಕ್ಕೆ ಹೋದ.

ಅದು ಐದು ಗಂಟೆಗೆ ಸಿಕ್ಕಿತು. ಮೇಡಂ ಕೋಟನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇದನ್ನ ಮಾಡ್ದೋರು ನನ್ನ ಮೇಜಿನ ಮುಂದೆ ನಿಂತಿರಬೇಕು. ಇಲ್ದಿದ್ರೆ ಹದಿನಾಲ್ಕು ಜನಕ್ಕೂ ಗೆರೆ."

ಮನೆಯಲ್ಲಿ ಅಣ್ಣ ತಟ್ಟೆ ಮುಟ್ಟಲಿಲ್ಲ. ಅಪ್ಪ ಎರಡು ಸಲ ಕೇಳಿದ ಮೇಲೆ ಹೇಳಿದ. "ನಂದೇ ಅಪ್ಪಾ. ಎರಡನೇ ಗೆರೆ. ನಾಳೆ ಮನೆಗೆ ಕಳಿಸ್ತಾರೆ."

"ಫೋನ್ ನೋಡ್ತಿದ್ರಾ?" ಅತ್ತಿಗೆ ಕೇಳಿದಳು.

"ಒಂದ್ನಿಮಿಷ."

"ಆ ಒಂದ್ನಿಮಿಷಕ್ಕೆ ನಾನು ನೂರು ಸಲ ಹೇಳಿದೀನಿ."

"ಈಗ ಅದನ್ನ ಎತ್ತಿ ಆಡ್ಬೇಡ್ವೇ, ಮೊದಲೇ ಅವನು ಒಂದು ತುತ್ತು ತಿಂದಿಲ್ಲ" ಎಂದಳು ಅಮ್ಮ.

ಅಪ್ಪ ಮೇಜು ಒರೆಸಿ ನನಗೆ ಗ್ರಂಥ ತೆಗೆಯಲು ಹೇಳಿದರು. ಅವತ್ತಿನ ಭಾಗ ಇದು: "ಇನ್ನೊಬ್ಬರ ಮೂಟೆಗೆ ಹೆಗಲು ಕೊಟ್ಟವನ ಬೆನ್ನು ಬಾಗುತ್ತದೆ. ಬಾಗಿದ ಬೆನ್ನಿನ ಮೇಲೆಯೇ ಕೃಪೆ ಬಂದು ಕೂರುತ್ತದೆ."

ನಾನು ನಿಲ್ಲಿಸಿದೆ. ಅಪ್ಪ ಮೇಜಿನ ಮೇಲೆ ಕೈ ಜೋಡಿಸಿಟ್ಟು, "ಇವತ್ತು ಸೋಮವಾರ. ಇವನ ಹೊರೆ ಯಾರು ಹೊರ್ತೀರಿ?" ಎಂದರು.

ಅಮ್ಮ ಹೋಟೆಲಿನವಳಲ್ಲ, ಹೊರುವ ಹಾಗಿರಲಿಲ್ಲ. ನಾನು ಇಸ್ತ್ರಿ ಮುಟ್ಟುವವಳಲ್ಲ, ನನ್ನನ್ನು ಯಾರೂ ನಂಬುವುದಿಲ್ಲ. ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು.

"ಮಾವ," ಅತ್ತಿಗೆ ನಿಧಾನವಾಗಿ ಹೇಳಿದಳು, "ಇದು ಹೂಕುಂಡ ಅಲ್ಲ. ನನ್ನ ಹೆಸರು ಮೇಲಕ್ಕೆ ಹೋಗಿದೆ. ಕಾರ್ಡ್ ಖಾಲಿ ಇದೆ ಅಂತಲೇ ಹೋಗಿರೋದು."

"ಗೊತ್ತು ಮಗಳೇ. ನಿನಗೆ ಗೆರೆ ಬಿದ್ರೆ ಅದು ಒಂದೇ ಗೆರೆ, ಕೆಲಸ ಹೋಗಲ್ಲ. ಇವನಿಗೆ ಬಿದ್ರೆ ಅನ್ನ ಹೋಗುತ್ತೆ. ಒಂದೇ ವಾರ. ಮುಂದಿನ ಸೋಮವಾರ ನಾನೇ ಬಂದು ಮೇಡಂ ಹತ್ರ ಎಲ್ಲಾ ಹೇಳಿ ನಿನ್ನ ಹೊರೆ ಇಳಿಸ್ತೀನಿ. ಮೂವತ್ತೊಂದು ವರ್ಷ ಆ ಬಾಗಿಲಲ್ಲಿ ನಿಂತೋನು ನಾನು, ನನ್ನ ಮಾತಿಗೆ ಅಲ್ಲಿ ಬೆಲೆ ಇದೆ. ಅಷ್ಟೊತ್ತಿಗೆ ಕೋಟಿನೋರ ಕೋಪಾನೂ ಇಳಿದಿರುತ್ತೆ. ಇವನಿಗೆ ನಾಲ್ಕು ಬುದ್ಧಿಮಾತಲ್ಲಿ ಮುಗಿಯುತ್ತೆ."

ಅತ್ತಿಗೆ ಅಣ್ಣನ ಕಡೆ ತಿರುಗಿದಳು. "ನೀವೇನಂತೀರಿ?"

"ಅಪ್ಪ ಹೇಳಿದ ಮೇಲೆ..."

"ಅಪ್ಪ ಹೇಳಿದ್ದು ಕೇಳಿಸ್ತು. ನೀವು ಹೇಳಿ."

"ಒಂದ್ವಾರ ತಾನೆ" ಎಂದ ಅಣ್ಣ.

ಅತ್ತಿಗೆ ಒಂದು ಗುಟುಕು ನೀರು ಕುಡಿದಳು. "ಗುಬ್ಬಿ, ಆ ಸಾಲು ಇನ್ನೊಂದ್ಸಲ ಓದು." ನಾನು ಓದಿದೆ. "ಸರಿ," ಎಂದಳು. "ಹೊರ್ತೀನಿ."

ಮರುದಿನ ಒಂಬತ್ತಕ್ಕೆ ಅವಳು ಮೇಡಂ ಮುಂದೆ ನಿಂತಾಗ ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು.

"ನೀನಾ?"

"ನಾನೇ ಮೇಡಂ."

"ಯಾರಾದ್ರೂ ಹೇಳಿಸ್ತಿದಾರಾ?"

"ಇಲ್ಲ. ನಾನೇ."

ಕೆಂಪು ಪೆನ್ನು ಹುಡುಕಲು ಮೇಡಂ ಬಹಳ ಹೊತ್ತು ತೆಗೆದುಕೊಂಡರು. ಗೆರೆ ಎಳೆದ ಮೇಲೆ ಅತ್ತಿಗೆ ತನ್ನ ಮೇಜಿಗೆ ಬಂದು ಅಂಗಿಗಳ ರಾಶಿ ಎತ್ತಿಕೊಂಡಳು. ಅವಳ ಮುಖ ಶಾಂತವಾಗಿತ್ತು. ಆ ವಾರವೆಲ್ಲ ಹಾಗೇ ಇತ್ತು. ಪಕ್ಕದ ಮೇಜಿನ ಹೆಂಗಸು "ಕುರ್ಚಿ ಕನಸು ಕಾಣ್ತಾ ಕೋಟು ಸುಟ್ಲಂತೆ" ಎಂದು ಕೇಳಿಸುವ ಹಾಗೆ ಅಂದಾಗಲೂ ಅತ್ತಿಗೆ, "ಹೌದಮ್ಮಾ, ಕನಸು ಬಿಸಿಯಾಗಿತ್ತು" ಎಂದು ನಕ್ಕುಬಿಟ್ಟಳು. ಅವಳನ್ನು ನೋಡಿ ನನಗೆ ಗ್ರಂಥ ಬರೀ ಅಕ್ಷರವಲ್ಲ ಅನ್ನಿಸಿತು. ಅಣ್ಣ ಆ ವಾರ ಅವಳಿಗೆ ಬಕೆಟ್ಟಿಗೆ ಬಿಸಿನೀರು ಹಾಕಿಕೊಟ್ಟ. ಅಮ್ಮ ಮೊಟ್ಟೆ ಹಂಚುವಾಗ ಅವಳ ತಟ್ಟೆಗೆ ಎರಡು ಹಾಕಿದಳು.

ಸೋಮವಾರ ಬಂತು. ಅಪ್ಪನಿಗೆ ಮೊಣಕಾಲು ನೋವು. ಮಂಗಳವಾರ ಗಡಿಯಾರದ ಅಂಗಡಿಯವರ ಮನೆಗೆ ಹೋಗಬೇಕಿತ್ತು. ಆ ದೂರಕ್ಕೆ ಮೊಣಕಾಲು ಅಡ್ಡ ಬರಲಿಲ್ಲ. ಬುಧವಾರ ಊಟಕ್ಕೆ ಕೂತಾಗ ಅತ್ತಿಗೆ ಕೇಳಿದಳು.

"ಮಾವ, ನಾಳೆ ಬರ್ತೀರಾ? ಈ ವಾರ ಪಟ್ಟಿ ಹಾಕ್ತಾರಂತೆ."

ಅಪ್ಪ ಬ್ರೆಡ್ ಮುರಿದು ತಟ್ಟೆಯಲ್ಲಿ ಅದ್ದಿದರು. "ನಾನು ಯೋಚನೆ ಮಾಡ್ತಿದ್ದೆ ಮಗಳೇ. ಹೊತ್ತ ಹೊರೆನ ಇಳಿಸಿ ಅಂತ ಕೇಳೋದಿದೆಯಲ್ಲ, ಅದೂ ಒಂಥರಾ ಅಹಂಕಾರವೇ."

"ಇಳಿಸ್ತೀನಿ ಅಂದಿದ್ದು ನೀವು."

"ಅಂದಿದ್ದೆ. ಆದ್ರೆ ನೀನು ಎಷ್ಟು ಚೆನ್ನಾಗಿ ಹೊತ್ತೆ! ಈಗ ಊರಿಗೆಲ್ಲ ಹೇಳಿದ್ರೆ ಆ ಪುಣ್ಯ ನೀರಲ್ಲಿ ಹೋಮ ಆದ ಹಾಗೆ."

"ನನಗೆ ಪುಣ್ಯ ಬೇಡ ಮಾವ, ಕಾರ್ಡ್ ಬೇಕು."

"ಗಂಡನ ತಪ್ಪನ್ನ ನೀನೇ ಹೋಗಿ ಸಾರ್ತೀಯಾ?" ಅಮ್ಮ ಸೌಟು ಕೆಳಗಿಟ್ಟಳು.

"ಅತ್ತೆ, ನಂದಲ್ಲದ ತಪ್ಪನ್ನ ಆಗ್ಲೇ ಸಾರಿ ಬಂದಿದೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಹಂಗಾಯ್ತು."

"ಎಮ್ಮೆ ಅಂತ ನೀನೇ ಒಪ್ಕೊಂಡ್ಯಲ್ಲ" ಎಂದು ಅಣ್ಣ ನಗಲು ನೋಡಿದ. ಯಾರೂ ನಗಲಿಲ್ಲ.

"ನೀವು ನಾಳೆ ಮೇಡಂ ಹತ್ರ ಬರ್ತೀರಾ ಇಲ್ವಾ, ಅಷ್ಟು ಹೇಳಿ" ಎಂದಳು ಅತ್ತಿಗೆ ಅವನಿಗೆ.

ಅವನು ತಟ್ಟೆ ನೋಡಿದ. ಅಮ್ಮನಿಗೆ ತಡೆಯಲಾಗಲಿಲ್ಲ. "ಏನೇ ನಿಂದು? ಹೆಂಡ್ತಿ ಕುರ್ಚಿ ಮೇಲೆ ಕೂತು ಹೇಳೋದು, ಗಂಡ ನಿಂತು ಇಸ್ತ್ರಿ ಹಾಕೋದು. ಅದನ್ನ ನೋಡೋಕೇನಾ ನಿಮ್ಮಾವ ಮೂವತ್ತೊಂದು ವರ್ಷ ಬಾಗಿಲು ತೆಗೆದಿದ್ದು? ಆ ಹೋಟೆಲಲ್ಲಿ ಇವರನ್ನ ನೋಡಿ ಜನ ಏನಂದ್ಕೋತಾರೆ?"

ಅಪ್ಪ, "ನೀನು ಸುಮ್ನಿರು" ಎಂದರು. ಆದರೆ ಮಾತು ಆಗಲೇ ಮೇಜಿನ ಮೇಲೆ ಬಿದ್ದಿತ್ತು.

ಅತ್ತಿಗೆ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ಓ," ಎಂದಳು. "ಅದಾ ವಿಷಯ." ನೀರಿನ ಲೋಟ ಅವಳ ಕೈಯಲ್ಲೇ ಇತ್ತು. ಕುಡಿಯಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ನೆಲಮಾಳಿಗೆಯ ಹಲಗೆಗೆ ಪಟ್ಟಿ ಅಂಟಿಸಿದರು. ಸೂಪರ್‌ವೈಸರ್ ಜಾಗಕ್ಕೆ ಅಣ್ಣನ ಹೆಸರಿತ್ತು.

ಅತ್ತಿಗೆ ಪಟ್ಟಿಯನ್ನು ಪೂರ್ತಿ ಓದಿದಳು. ಆಮೇಲೆ ನನ್ನ ಮೇಜಿಗೆ ಬಂದು, "ಬಾ ಗುಬ್ಬಿ" ಎಂದಳು. ನಾನು ಕೈಯಲ್ಲಿದ್ದ ದಿಂಬಿನ ಚೀಲವನ್ನೂ ಇಡದೆ ಅವಳ ಹಿಂದೆ ಹೋದೆ.

"ಮೇಡಂ, ನಮ್ಮನೆಯವರು ಅರ್ಜಿ ಹಾಕಿದ್ರಾ?"

ಮೇಡಂ ಫೈಲು ತೆಗೆದರು. "ಹಾಕಿದಾನೆ. ನಿನಗೆ ಗೊತ್ತಿಲ್ವಾ? ಹೋದ ವಾರ ಮಂಗಳವಾರ." ಅದು ಅತ್ತಿಗೆಯ ಕಾರ್ಡಿಗೆ ಗೆರೆ ಬಿದ್ದ ದಿನ. "ಇಬ್ಬರ ಕಾರ್ಡಲ್ಲೂ ಒಂದೊಂದು ಗೆರೆ ಇದೆ. ಸರ್ವಿಸ್ ಅವನದು ಜಾಸ್ತಿ. ನನ್ನ ಕೈಲೇನಿದೆ?"

ಅತ್ತಿಗೆಯ ಕೈ ಮೇಜಿನ ಅಂಚನ್ನು ಹಿಡಿದಿತ್ತು. "ಮೇಡಂ, ಆ ಕೋಟು ನಾನು ಸುಟ್ಟಿದ್ದಲ್ಲ."

"ಹಾಂ?"

"ಇವರು ಸುಟ್ಟಿದ್ದು. ಇವರ ಕೆಲಸ ಹೋಗುತ್ತೆ ಅಂತ ನಾನು ನಂದು ಅಂದೆ."

"ಆವತ್ತು ಕೇಳಿದೆ ತಾನೆ ನಿನ್ನ? ಎರಡು ಸಲ ಕೇಳಿದೆ. ಇವತ್ತು ಗಂಡನಿಗೆ ಕುರ್ಚಿ ಬಂತು ಅಂತ ಮಾತು ಬದಲಾಯಿಸ್ತೀಯಾ?"

"ಇವಳು ನೋಡಿದಾಳೆ," ಅತ್ತಿಗೆ ನನ್ನ ಹೆಗಲು ಮುಟ್ಟಿದಳು. "ಇವಳ ಕಣ್ಣೆದುರಿಗೇ ಆಗಿದ್ದು. ಮನೇಲೂ ಅವರೇ ಒಪ್ಕೊಂಡಿದಾರೆ. ಇವಳನ್ನ ಕೇಳಿ."

ಮೇಡಂ ನನ್ನ ಕಡೆ ನೋಡಿದರು. ಅವರ ಹಿಂದೆ ಗಾಜಿನ ಗೋಡೆ. ಅದರಾಚೆ ಅಣ್ಣ ಇಸ್ತ್ರಿ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದ. ಬೆರಳು ತುಟಿಯ ಮೇಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಿಂದಿನ ಸಂಜೆ ಅಪ್ಪ ನನಗೊಬ್ಬಳಿಗೇ ಹೇಳಿದ್ದರು: "ದೊಡ್ಡೋರ ಮಧ್ಯೆ ಮಾತು ಬಂದ್ರೆ ತಲೆ ತಗ್ಗಿಸಿ ನಿಂತ್ಕೋ. ಅದೇ ವಿನಯ."

"ಹೇಳಮ್ಮ. ನೋಡಿದ್ಯಾ?"

ನಾನು ತಲೆ ತಗ್ಗಿಸಿದೆ. ದಿಂಬಿನ ಚೀಲದ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಅದನ್ನೇ ನೋಡುತ್ತಾ ನಿಂತೆ. ಅತ್ತಿಗೆಯ ಕೈ ನನ್ನ ಹೆಗಲ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ.

"ಹೋಗಿ ಕೆಲಸ ನೋಡ್ಕೊಳ್ಳಿ ಇಬ್ರೂ" ಎಂದರು ಮೇಡಂ.

ಅವತ್ತಿನಿಂದ ಅತ್ತಿಗೆ ಪಾಠಕ್ಕೆ ಕೂರಲಿಲ್ಲ. ಏಳು ಗಂಟೆಗೆ ಸರಿಯಾಗಿ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಶುರುಮಾಡುತ್ತಿದ್ದಳು. ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ತಾನು ಮಾತ್ರ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲೇ ನಿಂತುಕೊಂಡು ತಿನ್ನುತ್ತಿದ್ದಳು. ಅಣ್ಣ ಮೊದಲ ದಿನ ಕುರ್ಚಿಯಲ್ಲಿ ಕೂತು ಬಂದವನು ಕೇಕು ತಂದಿದ್ದ. ಅದು ಡಬ್ಬದಲ್ಲೇ ಒಣಗಿತು. ಅವನು ಬಕೆಟ್ಟಿಗೆ ಬಿಸಿನೀರು ತಂದಿಟ್ಟರೆ ಅವಳು ಅದರಲ್ಲಿ ನೆಲ ಒರೆಸಿದಳು.

"ಎಷ್ಟು ದಿನ ಹಿಂಗೆ ಮೂತಿ ಊದಿಸ್ಕೊಂಡಿರ್ತೀಯಾ?" ಅಣ್ಣ ಒಮ್ಮೆ ರೇಗಿದ. "ಸಂಬಳ ಮನೆಗೇ ತಾನೆ ಬರೋದು?"

"ಮನೆಗೆ ಬರುತ್ತೆ" ಎಂದಳು ಅತ್ತಿಗೆ. "ನನ್ನ ಹೆಸರು ಎಲ್ಲಿಗೆ ಹೋಯ್ತು ಅಂತ ಹೇಳಿ."

ನನ್ನ ಜೊತೆ ಅವಳು ಜಗಳವಾಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದಳು, ಟಿಕೆಟ್ಟು ತೆಗೆಯುತ್ತಿದ್ದಳು. ಸಾಲು ಮಾತ್ರ ಕೇಳುತ್ತಿರಲಿಲ್ಲ. ಒಂದು ದಿನ ಒಗೆಯಲು ಹಾಕಿದ್ದ ಅವಳ ಅಂಗಿಯ ಜೇಬು ತಡಕಿದೆ. ಒಂದು ಚೀಟಿಯೂ ಇರಲಿಲ್ಲ.

ಮೂರನೇ ಭಾನುವಾರ ಎಲ್ಲರೂ ಸೇರುವ ಪಾಠ ನಮ್ಮ ಮನೆಯಲ್ಲಿತ್ತು. ಗಡಿಯಾರದ ಅಂಗಡಿಯವರು, ಅವರ ಹೆಂಡತಿ, ನಿವೃತ್ತ ಟೀಚರಮ್ಮ, ಮೇಲಿನ ಮನೆಯವರು, ಎಲ್ಲ ಸೇರಿ ಎಂಟು ಜನ ಬಂದಿದ್ದರು. ಅಪ್ಪ ಮಡಚುವ ಕುರ್ಚಿಗಳನ್ನು ತಾವೇ ಹಾಕಿದರು. ನಾನು ಎರಡು ಪುಟ ಓದಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ಪುಸ್ತಕದಲ್ಲಿರೋದು ಮನೇಲಿ ಕಾಣಬೇಕು. ನಮ್ಮ ಸೊಸೆ ಒಂದು ದೊಡ್ಡ ಹೊರೆ ಹೊತ್ತಿದಾಳೆ. ಏನು ಅಂತ ಕೇಳಬೇಡಿ, ಹೇಳಿದ್ರೆ ಅವಳಿಗೇ ಇಷ್ಟ ಆಗಲ್ಲ. ಅಷ್ಟು ವಿನಯ. ನೋಡಿ, ಈಗಲೂ ಮುಂದೆ ಬರದೆ ಒಳಗೇ ಇದಾಳೆ."

"ಭಾಗ್ಯವಂತರು ನೀವು" ಎಂದರು ಟೀಚರಮ್ಮ.

ಒಳಗೆ ಚಾಕು ಹಲಗೆಯ ಮೇಲೆ ನಿಂತದ್ದು ನನಗೆ ಕೇಳಿಸಿತು. ಪುಟ ತಿರುಗಿಸಬೇಕಾಗಿತ್ತು, ತಿರುಗಿಸಲಿಲ್ಲ.

"ಅದು ಅಣ್ಣ ಮಾಡಿದ್ದು" ಎಂದೆ.

ಯಾರಿಗೂ ಕೇಳಿಸಿದ ಹಾಗಿರಲಿಲ್ಲ. ಓದುವ ದನಿ ತಂದುಕೊಂಡೆ. "ಹೋಟೆಲಲ್ಲಿ ಕೋಟು ಸುಟ್ಟಿದ್ದು ಅಣ್ಣ. ನಾನು ನೋಡಿದೀನಿ. ಅಪ್ಪ ಒಂದು ವಾರ ಅಂತ ಹೇಳಿ ಅತ್ತಿಗೆ ಹತ್ರ ಹೊರಿಸಿದ್ರು, ಆಮೇಲೆ ಇಳಿಸಲಿಲ್ಲ. ಅತ್ತಿಗೆ ಕುರ್ಚಿ ಅಣ್ಣ ತಗೊಂಡ. ಮೇಡಂ ಕೇಳಿದಾಗ ನಾನು ಬಾಯಿ ಬಿಡಲಿಲ್ಲ."

ಅಪ್ಪನ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಇನ್ನು ಏನಾದರೂ ಆಗುತ್ತದೆ ಎಂದುಕೊಂಡೆ. ಆದರೆ ಗಡಿಯಾರದ ಅಂಗಡಿಯವರು ಕಣ್ಣು ಮುಚ್ಚಿ ತಲೆದೂಗಿದರು. "ನೋಡಿದ್ರಾ? ಅತ್ತಿಗೆನ ಉಳಿಸೋಕೆ ಈ ಮಗು ಎಂಥಾ ತಪ್ಪನ್ನ ಹೊರ್ತಿದೆ! ಸುಳ್ಳುಗಾರ್ತಿ ಅನ್ನಿಸ್ಕೊಳ್ಳೋಕೂ ಸಿದ್ಧ."

"ಅಲ್ಲ, ನಾನು ಹೊರ್ತಾ ಇಲ್ಲ," ಎಂದೆ. "ನಿಜವಾಗ್ಲೂ ಹಂಗೇ ಆಯ್ತು."

"ಹೊರೋರು ಹಂಗೇ ಹೇಳ್ಬೇಕಮ್ಮಾ" ಎಂದರು ಟೀಚರಮ್ಮ ಪ್ರೀತಿಯಿಂದ.

"ಅಣ್ಣಾ, ನೀನಾದ್ರೂ ಹೇಳು."

ಅಣ್ಣ ನನ್ನನ್ನು ನೋಡಿದ. ಅಪ್ಪನನ್ನು ನೋಡಿದ. ಹೇಳುತ್ತಾನೆ ಅಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ. ಅವನು ಎರಡೂ ಕೈ ಜೋಡಿಸಿ, ಮೆಲ್ಲಗೆ, "ನಾನೇ ಅಂತ ಅಂದ್ಕೊಳ್ಳಿ" ಎಂದ.

"ಆಹಾ" ಎಂದಿತು ಇಡೀ ಕೋಣೆ. ಅಪ್ಪನ ಮುಖಕ್ಕೆ ಬಣ್ಣ ಮರಳಿತು. ಮೇಲಿನ ಮನೆಯವರು ಕಣ್ಣೊರೆಸಿಕೊಂಡರು.

ಅಡುಗೆಮನೆಯಿಂದ ನಗು ಬಂತು. ಒಂದೇ ಸಲ, ಸಣ್ಣದು. ಆಮೇಲೆ ಚಾಕು ಮತ್ತೆ ಶುರುವಾಯಿತು.

ಎಲ್ಲರೂ ಹೋದ ಮೇಲೆ ನಾನು ಒಳಗೆ ಹೋದೆ. ಅತ್ತಿಗೆ ಹಲಗೆ ತೊಳೆಯುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಇಲ್ಲಿ ಯಾಕೆ ಹೇಳಿದೆ?" ಎಂದಳು. "ಇಲ್ಲಿ ಕುರ್ಚಿನೂ ಇಲ್ಲ, ಕಾರ್ಡೂ ಇಲ್ಲ. ಹೇಳಬೇಕಾದ ಜಾಗ ನಿನಗೆ ಗೊತ್ತು."

ಗೊತ್ತಿತ್ತು. ಸೋಮವಾರ ನಾನು ಅವರಿಬ್ಬರಿಗಿಂತ ಮುಂಚೆ ಬೇರೆ ಬಸ್ಸಿಗೆ ಹೋದೆ. ಮೇಡಂ ಇನ್ನೂ ಕೋಟು ಬಿಚ್ಚುತ್ತಿದ್ದರು. ಬಾಗಿಲಲ್ಲೇ ನಿಂತು, ಉಸಿರು ಬಿಡದೆ, ಎಲ್ಲವನ್ನೂ ಹೇಳಿದೆ. ಫೋನು, ಗಂಜಿ ಬಾಟಲಿ, ತುಟಿಯ ಮೇಲಿನ ಬೆರಳು, ನಾನು ತಲೆ ತಗ್ಗಿಸಿದ್ದು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ.

"ನಿಮ್ಮಪ್ಪ ನಿನ್ನೆ ಸಂಜೆ ಫೋನ್ ಮಾಡಿದ್ರು" ಎಂದರು. "ಮಗಳು ಬಂದು ಏನಾದ್ರೂ ಹೇಳಬಹುದು, ತಲೆ ಕೆಡಿಸ್ಕೋಬೇಡಿ, ಒಬ್ಬರ ತಪ್ಪನ್ನ ಇನ್ನೊಬ್ಬರು ಹೇಳ್ಕೊಳ್ಳೋದು ನಮ್ಮನೆ ಅಭ್ಯಾಸ ಅಂದ್ರು. ಹೌದಾ, ಅಂಥದ್ದೊಂದು ಅಭ್ಯಾಸ ಇದೆಯಾ ನಿಮ್ಮನೇಲಿ?"

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. "ಇದೆ" ಎಂದೆ.

"ನೋಡಮ್ಮ. ಅವಳು ಒಂದ್ಸಲ ನಾನು ಅಂದ್ಲು, ಒಂದ್ಸಲ ಗಂಡ ಅಂದ್ಲು. ನೀನು ಒಂದ್ಸಲ ಸುಮ್ನಿದ್ದೆ, ಈಗ ಮಾತಾಡ್ತಿದೀಯ. ನಿಮ್ಮಪ್ಪ ಮೂವತ್ತೊಂದು ವರ್ಷ ಇಲ್ಲಿ ನಿಂತೋರು. ನಾನು ಯಾರ ಮಾತು ಹಿಡೀಲಿ? ಆವತ್ತೇ, ಅವಳು ನಿನ್ನ ಹೆಗಲ ಮೇಲೆ ಕೈ ಇಟ್ಟಾಗ, ಹೂಂ ಅಂದಿದ್ರೆ ನಾನು ಪಟ್ಟಿ ಕಿತ್ತು ಹಾಕ್ತಿದ್ದೆ. ನನಗೂ ಅನುಮಾನ ಇತ್ತು. ಈಗ ಕಾಗದ ಮೇಲಿನೋರ ಸಹಿ ಆಗಿ ಬಂದಿದೆ."

ಅವತ್ತು ಅತ್ತಿಗೆ ಕೆಲಸಕ್ಕೆ ಬರಲಿಲ್ಲ. ಸಂಜೆ ನಾನು ಮನೆಗೆ ಹೋದಾಗ ಅವಳು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಹೊಸ ಬೂಟಿನ ದಾರ ಪೋಣಿಸುತ್ತಿದ್ದಳು. ದಪ್ಪ ರಬ್ಬರಿನ ತಳದ್ದು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಜಾಗದಲ್ಲಿ ಕೆಲಸ ಸಿಕ್ಕಿತಂತೆ. ರೋಗಿಗಳ ಹಾಸಿಗೆ ಬಟ್ಟೆ ವಿಂಗಡಿಸುವುದು. ಎಲ್ಲರಿಗಿಂತ ಕೆಳಗಿನ ಕೆಲಸ, ದಿನವಿಡೀ ನಿಲ್ಲಬೇಕು, ಮೊದಲಿನಿಂದ ಶುರು.

ಅಣ್ಣ ಗೋಡೆಗೆ ಒರಗಿ ನಿಂತಿದ್ದ. "ಜನ ಏನಂತಾರೆ? ಸೂಪರ್‌ವೈಸರ್ ಹೆಂಡ್ತಿ ಆಸ್ಪತ್ರೆ ಕೊಳೆ ಎತ್ತೋಕೆ ಹೋಗ್ತಾಳೆ ಅಂತಾರೆ."

"ವಿನಯ ಅಂತ ಹೇಳಿ" ಎಂದಳು ಅತ್ತಿಗೆ, ದಾರ ಎಳೆಯುತ್ತಾ. "ನಿಮ್ಮನೇಲಿ ಎಲ್ಲದಕ್ಕೂ ಅದೇ ಹೆಸರು ತಾನೆ."

ಒಳಗಿನಿಂದ ಅಪ್ಪ ಕರೆದರು. "ಗುಬ್ಬೀ, ಏಳು ಗಂಟೆ ಆಯ್ತು. ಇವತ್ತು ಸೋಮವಾರ."

ನಾನು ಹೋಗಲಿಲ್ಲ. ಇನ್ನೊಂದು ಸಲ ಕರೆದರು. ಆಮೇಲೆ ಅಪ್ಪನೇ ಓದಲು ಶುರುಮಾಡಿದ್ದು ಕೇಳಿಸಿತು, ಅಕ್ಷರ ಕಾಣದೆ ತಡವರಿಸುತ್ತಾ. ಅಣ್ಣ ಒಳಗೆ ಹೋದ.

"ಮೇಡಂ ಹತ್ರ ಹೋಗಿ ಹೇಳ್ದೆ ಅತ್ತಿಗೆ. ಎಲ್ಲಾ ಹೇಳ್ದೆ."

"ನಂಬಿದ್ರಾ?"

"ಇಲ್ಲ."

ಅವಳು ತಲೆಯಾಡಿಸುತ್ತಾ ಇನ್ನೊಂದು ಬೂಟು ಎತ್ತಿಕೊಂಡಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆಸ್ಪತ್ರೇಲಿ ಇನ್ನೂ ಜನ ಬೇಕಂತೆ ಅಂತ ಬೀದಿ ತುದಿ ಹೆಂಗಸು ಹೇಳ್ತಿದ್ರು," ಎಂದೆ. "ನಾನೂ ಬರ್ಲಾ? ಹೋಟೆಲ್ ಬಿಟ್ಟುಬಿಡ್ತೀನಿ. ಅಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಕೆಲಸ ಮಾಡ್ತೀನಿ."

ಅತ್ತಿಗೆ ಗಂಟು ಹಾಕಿದಳು. ಎದ್ದು ನಿಂತು ಬೂಟು ಬಿಗಿಯಾಗಿದೆಯೇ ಎಂದು ನೆಲಕ್ಕೆ ಎರಡು ಸಲ ಒತ್ತಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು, ಬಹಳ ದಿನಗಳ ಮೇಲೆ.

"ಆವತ್ತೂ ನನ್ನ ಪಕ್ಕದಲ್ಲೇ ನಿಂತಿದ್ದೆ, ಗುಬ್ಬಿ."